ಮರಿಯಮ್ಮನವರ ಸ್ವರ್ಗಸ್ವೀಕಾರ ಬೈಬಲಿನಲ್ಲಿ ಎಲ್ಲಿದೆ? ಎಲ್ಲವೂ ಬೈಬಲಿನಲ್ಲೇ ಇರಬೇಕು ಎಂಬುದು ಎಲ್ಲಿದೆ?

ಎರಡು ಸಭೆಯ ಮನೆ (ಪ್ರಶ್ನೆ)

ನಾನು ಪ್ರೊಟೆಸ್ಟೆಂಟ್ ಸಭೆಯಲ್ಲಿ ಬೆಳೆದವನು, ಹೆಂಡತಿ ಕಥೋಲಿಕಳು. ಮದುವೆಯ ನಂತರವೂ ಇಬ್ಬರೂ ನಮ್ಮ ನಮ್ಮ ಸಭೆಯಲ್ಲೇ ಉಳಿದೆವು. ಮಗಳು ತಾಯಿಯ ಜೊತೆ ಬಲಿಪೂಜೆಗೆ ಹೋಗುತ್ತಾಳೆ, ಈಗ ದೃಢೀಕರಣ ಸಂಸ್ಕಾರಕ್ಕೆ ಸಿದ್ಧಳಾಗುತ್ತಿದ್ದಾಳೆ. ಮರಿಯಮ್ಮನವರನ್ನು ಆತ್ಮ ಶರೀರಗಳ ಸಮೇತ ಸ್ವರ್ಗಕ್ಕೆ ಸೇರಿಸಿಕೊಳ್ಳಲಾಯಿತು ಎಂಬ ಪಾಠವನ್ನು ತೋರಿಸಿ, ಇದು ಬೈಬಲಿನಲ್ಲಿ ಎಲ್ಲಿದೆ ಎಂದು ನನ್ನನ್ನು ಕೇಳಿದಳು. ಎಲ್ಲಿಯೂ ಇಲ್ಲ, ಆದ್ದರಿಂದಲೇ ನಾವು ಒಪ್ಪುವುದಿಲ್ಲ ಎಂದೆ. ಪಕ್ಕದಲ್ಲಿದ್ದ ಹೆಂಡತಿ ತಕ್ಷಣ ಕೇಳಿದಳು: "ನಂಬಬೇಕಾದದ್ದೆಲ್ಲ ಬೈಬಲಿನಲ್ಲೇ ಇರಬೇಕು ಎಂದು ಬೈಬಲಿನಲ್ಲಿ ಎಲ್ಲಿದೆ?"

ನಾನು 2 ತಿಮೊಥೆಯ 3:16 ಹೇಳಿದೆ. ಧರ್ಮಶಾಸ್ತ್ರವೆಲ್ಲ ದೈವಪ್ರೇರಿತ ಎಂದು ಅಲ್ಲಿದೆಯೇ ಹೊರತು ಅದೊಂದೇ ಸಾಕು ಎಂದಿಲ್ಲ ಎಂದಳು. ಬಳಿಕ 2 ಥೆಸಲೋನಿಕ 2:15 ತೆರೆದು ಓದಿದಳು. ಬಾಯಿಮಾತಿನಿಂದಾಗಲಿ ಪತ್ರದಿಂದಾಗಲಿ ಕಲಿತದ್ದನ್ನು ಬಿಡದೆ ಹಿಡಿದುಕೊಳ್ಳಿರಿ ಎಂದು ಪೌಲನು ಅಲ್ಲಿ ಬರೆಯುತ್ತಾನೆ. ನನ್ನ ಬಳಿ ಉತ್ತರವಿರಲಿಲ್ಲ.

ವಾದದಲ್ಲಿ ಗೆಲ್ಲುವ ಆಸೆ ನನಗಿಲ್ಲ. ಮಗಳಿಗೆ ಪ್ರಾಮಾಣಿಕವಾದ ಒಂದು ಉತ್ತರ ಕೊಡಬೇಕು. ಕಥೋಲಿಕರು ಮರಿಯಮ್ಮನನ್ನು ಪೂಜಿಸುತ್ತಾರೆ, ಪ್ರೊಟೆಸ್ಟೆಂಟರು ದೇವಮಾತೆಯನ್ನು ಕಡೆಗಣಿಸುತ್ತಾರೆ ಎಂಬ ಹಳೆಯ ದೂರುಗಳನ್ನು ಬದಿಗಿಟ್ಟು, ನಿಜವಾದ ಗಂಟು ಎಲ್ಲಿದೆ ಎಂದು ತಿಳಿದವರು ಹೇಳಬೇಕು.

ಜಪಸರ

ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಕಥೋಲಿಕಳು ನಾನು. ನಿಮ್ಮ ಮಗಳಿಗೆ ನೇರವಾಗಿಯೇ ಹೇಳಿ: ಸ್ವರ್ಗಸ್ವೀಕಾರವನ್ನು ವರ್ಣಿಸುವ ವಾಕ್ಯ ಬೈಬಲಿನಲ್ಲಿ ಇಲ್ಲ. ಇದೆ ಎಂದು ಧರ್ಮಸಭೆ ಹೇಳುವುದೂ ಇಲ್ಲ. ಪ್ರಕಟನೆ ಗ್ರಂಥದ 12ನೆಯ ಅಧ್ಯಾಯದಲ್ಲಿ ಸೂರ್ಯನನ್ನೇ ಧರಿಸಿದ ಸ್ತ್ರೀಯೊಬ್ಬಳು ಬರುತ್ತಾಳೆ. ಆಕೆಯಲ್ಲಿ ನಾವು ಮರಿಯಮ್ಮನವರನ್ನು ಕಾಣುತ್ತೇವೆ, ನಿಜ. ಆದರೆ ಆ ಸ್ತ್ರೀ ದೇವಜನರ ಸಂಕೇತವೂ ಹೌದು. ಅದೊಂದನ್ನೇ ಪುರಾವೆಯಾಗಿ ಮುಂದಿಡುವ ಉಪದೇಶಿಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ, ಏಕೆಂದರೆ ಮಕ್ಕಳು ಬೆಳೆದು ತಾವೇ ಓದಿದಾಗ ನಮ್ಮ ಉಳಿದ ಮಾತುಗಳನ್ನೂ ಅನುಮಾನಿಸುತ್ತಾರೆ.

ನಿಮ್ಮ ಹೆಂಡತಿಯ ಪ್ರಶ್ನೆಯ ಹಿಂದಿರುವುದು ಇದು. ಹೊಸ ಒಡಂಬಡಿಕೆಯ ಪುಸ್ತಕಗಳನ್ನು ಬರೆಯುವ ಮೊದಲೇ ಧರ್ಮಸಭೆ ಇತ್ತು. ಉಪದೇಶಿಸುತ್ತಿತ್ತು, ದೀಕ್ಷಾಸ್ನಾನ ಕೊಡುತ್ತಿತ್ತು, ರೊಟ್ಟಿ ಮುರಿಯುತ್ತಿತ್ತು. ಈಗ ನಾವೆಲ್ಲರೂ ಒಪ್ಪುವ 27 ಪುಸ್ತಕಗಳ ಪಟ್ಟಿ, ಒಂದೂ ಹೆಚ್ಚು ಕಡಿಮೆ ಇಲ್ಲದೆ, ಸಂತ ಅಥನೇಷಿಯಸರ 367ರ ಪತ್ರದಲ್ಲಿ ಕಾಣಿಸುತ್ತದೆ. ಆ ಪಟ್ಟಿಯನ್ನು ಗುರುತಿಸಿದ ಧರ್ಮಸಭೆಯ ಕಿವಿಯನ್ನು ನಂಬುತ್ತೇವೆ ಎಂದಾದರೆ, ಅದೇ ಕಿವಿ ಕೇಳಿಸಿಕೊಂಡ ಉಳಿದದ್ದನ್ನೂ ಗೌರವಿಸಬೇಕಲ್ಲವೇ? ಟ್ರೆಂಟ್ ಮಹಾಸಭೆ 1546ರಲ್ಲಿ ಗ್ರಂಥವನ್ನೂ ಪ್ರೇಷಿತರಿಂದ ಬಂದ ಅಲಿಖಿತ ಪರಂಪರೆಯನ್ನೂ ಸಮಾನ ಭಕ್ತಿಯಿಂದ ಸ್ವೀಕರಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಇನ್ನೊಂದು ಮಾತನ್ನು ಸ್ಪಷ್ಟಪಡಿಸಿತು: ಪೋಪ್ ಮತ್ತು ಬಿಷಪರ ಬೋಧನಾಧಿಕಾರವು ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಯಲ್ಲಿದೆ. ಪೋಪ್ ತಮಗೆ ತೋಚಿದ್ದನ್ನು ಹೊಸ ಪ್ರಕಟನೆಯಾಗಿ ಸೇರಿಸುತ್ತಾರೆ ಎಂದುಕೊಂಡವರು ಇದನ್ನು ಗಮನಿಸಬೇಕು. ಹನ್ನೆರಡನೆಯ ಪಯಸ್ 1950ರ ನವೆಂಬರ್ 1ರಂದು ಸ್ವರ್ಗಸ್ವೀಕಾರವನ್ನು ಘೋಷಿಸುವ ಮೊದಲು, 1946ರಲ್ಲಿ ಜಗತ್ತಿನ ಬಿಷಪರಿಗೆ ಪತ್ರ ಬರೆದು ಅವರ ಮತ್ತು ಅವರ ಜನರ ವಿಶ್ವಾಸವೇನೆಂದು ಕೇಳಿದ್ದರು. ಆ ಹಬ್ಬವಂತೂ ಪೂರ್ವದಲ್ಲೂ ಪಶ್ಚಿಮದಲ್ಲೂ ಅಷ್ಟರಲ್ಲಾಗಲೇ ಶತಮಾನಗಳಿಂದ ನಡೆದುಬಂದಿತ್ತು.

ಇನ್ನು ಆರಾಧನೆಯ ವಿಷಯ. ಅದು ದೇವರಿಗೆ ಮಾತ್ರ. ಜಪಸರ ಹಿಡಿದಾಗ ನಾನು ಮರಿಯಮ್ಮನವರಲ್ಲಿ ಕೇಳುವುದು, ನಮಗಾಗಿ ಪ್ರಾರ್ಥಿಸಿ ಎಂದು. ಇದು ಕ್ರಿಸ್ತರ ಏಕೈಕ ಮಧ್ಯಸ್ಥಿಕೆಗೆ ಏನನ್ನೂ ಸೇರಿಸುವುದಿಲ್ಲ, ಏನನ್ನೂ ಕಳೆಯುವುದಿಲ್ಲ ಎಂದು 1964ರಲ್ಲಿ ಅದೇ ಮಹಾಸಭೆ ಹೇಳಿದೆ. ಮರಿಯಮ್ಮನವರಿಗೆ 'ಸಹ-ವಿಮೋಚಕಿ' ಎಂಬ ಬಿರುದು ಸೂಕ್ತವಲ್ಲ ಎಂದು ವ್ಯಾಟಿಕನ್ನಿನ ವಿಶ್ವಾಸ ಬೋಧನೆಯ ವಿಭಾಗ 2025ರ ನವೆಂಬರಿನಲ್ಲಿ ತಿಳಿಸಿತು. ನಮ್ಮಲ್ಲಿ ಕೆಲವರಿಗೆ ಅದು ನೋವು ತಂದಿತು; ನನಗೆ ನೆಮ್ಮದಿ ತಂದಿತು.

ಬೆರೋಯದವನು

ಇಷ್ಟು ಸುತ್ತು ಏಕೆ? ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಒಬ್ಬನೇ (1 ತಿಮೊಥೆಯ 2:5). ನಿನ್ನನ್ನು ಹೊತ್ತ ಗರ್ಭ ಧನ್ಯ ಎಂದು ಒಬ್ಬ ಹೆಂಗಸು ಕೂಗಿದಾಗ, ದೇವರ ವಾಕ್ಯವನ್ನು ಕೇಳಿ ಕೈಕೊಳ್ಳುವವರೇ ಧನ್ಯರು ಎಂದು ಯೇಸು ತಿದ್ದಿದನು (ಲೂಕ 11:27-28). ಸಾವಿನ ಆಚೆ ಇರುವವರಲ್ಲಿ ಬೇಡಿಕೊಳ್ಳಲು ಸತ್ಯವೇದ ನಮಗೆ ಎಲ್ಲಿಯೂ ಕಲಿಸಿಲ್ಲ. ಮಗಳಿಗೆ ಸತ್ಯವೇದವನ್ನೇ ಕೊಡಿ. ಬೆರೋಯ ಪಟ್ಟಣದವರು ಪೌಲನ ಮಾತನ್ನೂ ಧರ್ಮಶಾಸ್ತ್ರದಲ್ಲಿ ಹುಡುಕಿ ಪರೀಕ್ಷಿಸಿದರು.

ಚರಿತ್ರೆಯ ಮೇಷ್ಟ್ರು

ಬೆರೋಯದವರೇ, ನಾನೂ ಪ್ರೊಟೆಸ್ಟೆಂಟನೇ. ಸಭಾಚರಿತ್ರೆ ಕಲಿಸುವುದು ನನ್ನ ಕೆಲಸ. ಲೂಕ 11ನ್ನು ದಯವಿಟ್ಟು ಮರಿಯಳ ವಿರುದ್ಧ ಬಳಸಬೇಡಿ. ಅದೇ ಲೂಕನು ಮೊದಲ ಅಧ್ಯಾಯದಲ್ಲಿ, ನಂಬಿದವಳಾದ ನೀನು ಧನ್ಯಳು ಎಂದು ಎಲಿಸಬೇತಳ ಬಾಯಿಂದ ಹೇಳಿಸಿದ್ದಾನೆ. ವಾಕ್ಯ ಕೇಳಿ ಕೈಕೊಂಡವರ ಸಾಲಿನಲ್ಲಿ ಆಕೆಯೇ ಮೊದಲಿಗಳು. ಮರಿಯಳ ಸ್ತುತಿಗೀತೆಗೆ ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ 1521ರಲ್ಲಿ ಬರೆದ ವ್ಯಾಖ್ಯಾನ ನಮ್ಮ ಪ್ರಸಂಗಪೀಠಗಳಿಂದ ಕೇಳಿಬರುವುದು ಅಪರೂಪ. ಅದು ನಮ್ಮ ನಷ್ಟ. ಲೂಥರ್, ಇನ್ನೊಬ್ಬ ಸುಧಾರಕ ಜ್ವಿಂಗ್ಲಿ, ಇಬ್ಬರೂ ಆಕೆಯ ನಿತ್ಯ ಕನ್ಯತ್ವವನ್ನು ಒಪ್ಪಿದ್ದರು. ಎಫೆಸ ಮಹಾಸಭೆ 431ರಲ್ಲಿ ಎತ್ತಿಹಿಡಿದ 'ದೇವಮಾತೆ' ಎಂಬ ಹೆಸರನ್ನೂ ಲೂಥರ್ ಬಿಡಲಿಲ್ಲ. ಮರಿಯಳು ಸಭೆಗಾಗಿ ಪ್ರಾರ್ಥಿಸುತ್ತಾಳೆ ಎಂಬುದನ್ನು 1531ರ ಲೂಥರನ್ ಸಮರ್ಥನಾಪತ್ರ ಒಪ್ಪಿಕೊಳ್ಳುತ್ತದೆ. ಅದರ ತಕರಾರು ಬೇರೆ: ಆಕೆಯನ್ನು ಕರೆದು ಬೇಡಿಕೊಳ್ಳಲು ದೇವರ ಅಪ್ಪಣೆಯಾಗಲಿ ವಾಗ್ದಾನವಾಗಲಿ ಇಲ್ಲ.

ಈಗ ಪ್ರಶ್ನೆ ಕೇಳಿದವರಿಗೆ. ನಿಮ್ಮ ಹೆಂಡತಿಯವರ ಪ್ರಶ್ನೆಗೆ ಬಲವಿದೆ. ಆದರೆ ಅದು ಸುಧಾರಕರು ಹೇಳದ ಮಾತಿಗೆ ಹಾಕಿದ ಪ್ರಶ್ನೆ. ಸತ್ಯವೆಲ್ಲವೂ ಬೈಬಲಿನೊಳಗೇ ಇದೆ ಎಂದು ಅವರು ವಾದಿಸಲಿಲ್ಲ. ಆಂಗ್ಲಿಕನ್ ಸಭೆಯ 39 ವಿಧಿಗಳಲ್ಲಿ ಆರನೆಯದನ್ನು ನೋಡಿ. ರಕ್ಷಣೆಗೆ ಬೇಕಾದದ್ದೆಲ್ಲ ಗ್ರಂಥದಲ್ಲಿದೆ. ಅಲ್ಲಿ ಓದಲಾಗದ, ಅದರಿಂದ ಸಾಧಿಸಲೂ ಆಗದ ಯಾವುದನ್ನೂ ವಿಶ್ವಾಸದ ವಿಧಿಯೆಂದು ಯಾರ ಮೇಲೂ ಹೊರಿಸಬಾರದು ಎಂಬುದು ಅದರ ತಾತ್ಪರ್ಯ. 'ಹೊರಿಸಬಾರದು' ಎಂಬಲ್ಲೇ ಇದೆ ನಮ್ಮ ವಾದದ ಜೀವ. ಅಪೊಸ್ತಲರು ಈಗಿಲ್ಲ. ಅವರ ಬರಹ ನಮ್ಮ ಕೈಯಲ್ಲಿದೆ. ಮಹಾಸಭೆ, ಪೋಪ್, ಪಾಸ್ಟರ್, ನಾನು, ಯಾರು ಬೇಕಾದರೂ ತಪ್ಪಬಹುದು. ಆದ್ದರಿಂದ ಮನಸ್ಸಾಕ್ಷಿಯನ್ನು ಕಟ್ಟಿಹಾಕುವ ಅಧಿಕಾರ ಆ ಬರಹಕ್ಕೆ ಮಾತ್ರ.

ಗಂಟು ಇರುವುದು ಇಲ್ಲಿಯೇ. ಮರಿಯಳು ಪಾಪದ ಕಲೆಯಿಲ್ಲದೆ ಗರ್ಭಸ್ಥಳಾದಳು ಎಂಬ ಬೋಧನೆಯ ಚರಿತ್ರೆಯನ್ನೇ ತೆಗೆದುಕೊಳ್ಳಿ. ಆಕೆಯ ಗರ್ಭಸ್ಥಿತಿಯ ಹಬ್ಬ ಆಚರಿಸಲು ಹೊರಟವರನ್ನು 12ನೆಯ ಶತಮಾನದಲ್ಲಿ ಸಂತ ಬರ್ನಾರ್ಡ್ ಆಕ್ಷೇಪಿಸಿದರು. ಮರಿಯಳ ಭಕ್ತಿಯಲ್ಲಿ ಅವರನ್ನು ಮೀರಿಸಿದವರು ಕಡಿಮೆ. ಮುಂದಿನ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಕೂಡ ಅದನ್ನು ಒಪ್ಪಲಿಲ್ಲ. ಆಮೇಲೆ ಡನ್ಸ್ ಸ್ಕೋಟಸ್ ಸಮರ್ಥಿಸಿದರು: ಕ್ರಿಸ್ತನು ಆಕೆಯನ್ನೂ ರಕ್ಷಿಸಿದನು, ಆದರೆ ಪಾಪ ಅಂಟುವ ಮೊದಲೇ ಕಾಯ್ದು ರಕ್ಷಿಸಿದನು ಎಂದು. ಜಗಳ ಜೋರಾಯಿತು. ನಾಲ್ಕನೆಯ ಸಿಕ್ಸ್ಟಸ್ ಪೋಪ್ 1483ರಲ್ಲಿ, ಒಬ್ಬರು ಇನ್ನೊಬ್ಬರನ್ನು ಪಾಷಂಡಿ ಎನ್ನಕೂಡದು ಎಂದು ಎರಡೂ ಕಡೆಯವರಿಗೆ ಕಟ್ಟಪ್ಪಣೆ ಮಾಡಿದರು. ಎಂಥ ವಿವೇಕದ ಆಜ್ಞೆ! ಅದು ಹಾಗೆಯೇ ಉಳಿಯಬೇಕಿತ್ತು ಎಂದು ಪ್ರತಿ ಸಲ ಪಾಠ ಮಾಡುವಾಗಲೂ ನನಗೆ ಅನ್ನಿಸುತ್ತದೆ. 1854ರಲ್ಲಿ ಒಂಬತ್ತನೆಯ ಪಯಸ್ ಅದನ್ನು ಎಲ್ಲರೂ ನಂಬಲೇಬೇಕಾದ ಸಿದ್ಧಾಂತವೆಂದು ಘೋಷಿಸಿದರು. 1950ರ ಘೋಷಣೆಯಲ್ಲಂತೂ, ಸ್ವರ್ಗಸ್ವೀಕಾರವನ್ನು ಬೇಕೆಂದೇ ನಿರಾಕರಿಸುವವನು ಅಥವಾ ಸಂಶಯಿಸುವವನು ವಿಶ್ವಾಸದಿಂದಲೇ ಬಿದ್ದುಹೋದನು ಎಂಬ ಅರ್ಥದ ವಾಕ್ಯವಿದೆ. ಆರ್ಥಡಾಕ್ಸ್ ಸಭೆಗಳೂ ಆಗಸ್ಟ್ 15ರ ಹಬ್ಬ ಆಚರಿಸುತ್ತವೆ, ಹೀಗೆ ಸಿದ್ಧಾಂತ ಘೋಷಿಸಿ ಯಾರನ್ನೂ ಕಟ್ಟಿಹಾಕಿಲ್ಲ. ಭಕ್ತಿಗೆ ನಾನು ಅಡ್ಡಿ ಬರುವುದಿಲ್ಲ. ಬಲವಂತಕ್ಕೆ ಬರುತ್ತೇನೆ.

ಎರಡು ಸಭೆಯ ಮನೆ

ಮೇಷ್ಟ್ರೇ, ನಿಮ್ಮ ಉತ್ತರವನ್ನು ಹೆಂಡತಿಗೆ ಓದಿ ಹೇಳಿದೆ. ಆಕೆಯ ಮರುಪ್ರಶ್ನೆ: ಮಗನು ತಂದೆಯೊಡನೆ ಏಕಸತ್ವನು ಎಂಬ 325ರ ನೈಸಿಯಾ ಮಹಾಸಭೆಯ ಪದವೂ ಬೈಬಲಿನಲ್ಲಿ ಇಲ್ಲ. ಅದನ್ನು ಒಪ್ಪದ ಆರಿಯಸ್ ಎಂಬ ಉಪದೇಶಕನನ್ನು ಹೊರಗಿಟ್ಟರು. ಆ ಬಲವಂತ ಸರಿಯಾದರೆ 1950ರದ್ದು ಏಕೆ ತಪ್ಪು?

ಇನ್ನೊಂದು ಸಣ್ಣ ವಿಷಯ. ದೃಢೀಕರಣಕ್ಕೆ ಮಗಳಿಗೆ ಬೈಬಲ್ ಕೊಡಬೇಕೆಂದಿದ್ದೇನೆ. ನನ್ನದರಲ್ಲಿ 66 ಪುಸ್ತಕಗಳಿವೆ, ಹೆಂಡತಿಯದರಲ್ಲಿ 73. ಯಾವುದನ್ನು ಕೊಡಲಿ?

ಚರಿತ್ರೆಯ ಮೇಷ್ಟ್ರು

ಈ ಪ್ರಶ್ನೆ ಕೇಳಿದವರಿಗೆ ನನ್ನ ವಂದನೆ ತಿಳಿಸಿ. ನೈಸಿಯಾದ ಪದ ಹೊಸದು, ಅದು ಕಾಯುವ ವಿಷಯ ಗ್ರಂಥದ್ದು. ಯೋಹಾನನ ಮೊದಲ ವಾಕ್ಯದಿಂದಲೇ ಅದನ್ನು ಸಾಧಿಸಿ ತೋರಿಸಬಹುದು, ಅಥನೇಷಿಯಸ್ ಜೀವನವಿಡೀ ಮಾಡಿದ್ದು ಆ ಕೆಲಸವನ್ನೇ. ಸ್ವರ್ಗಸ್ವೀಕಾರವಾದರೋ ಒಂದು ಘಟನೆ. ಘಟನೆಗೆ ಸಾಕ್ಷಿಗಳು ಬೇಕು. ಮರಿಯಳ ಅಂತ್ಯ ಹೇಗಾಯಿತೆಂದು ಯಾರಿಗೂ ತಿಳಿಯದು ಎಂದು ನಾಲ್ಕನೆಯ ಶತಮಾನದಲ್ಲಿ ಬಿಷಪ್ ಎಪಿಫೇನಿಯಸ್ ಬರೆದಿದ್ದಾರೆ, ಅವರೋ ಆಕೆಯನ್ನು ಗೌರವಿಸಿದವರು.

ಜಪಸರ

ಎಪಿಫೇನಿಯಸರ ಮಾತು ನಿಜ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಸ್ವರ್ಗಸ್ವೀಕಾರವನ್ನು ನಾವು ನಂಬುವುದು ಕಣ್ಣಾರೆ ಕಂಡವರ ವರದಿಯ ಮೇಲೆ ಅಲ್ಲ. ಪುನರುತ್ಥಾನ ನಮಗೆಲ್ಲರಿಗೂ ವಾಗ್ದಾನವಾಗಿದೆ. ತನ್ನ ಶರೀರದಿಂದ ದೇವಪುತ್ರರಿಗೆ ಶರೀರ ಕೊಟ್ಟವರಲ್ಲಿ ಆ ವಾಗ್ದಾನ ಮೊದಲೇ ನೆರವೇರಿತು ಎಂದು ಧರ್ಮಸಭೆ ಪ್ರಾರ್ಥಿಸುತ್ತಾ ಪ್ರಾರ್ಥಿಸುತ್ತಾ ಅರಿತುಕೊಂಡಿತು. ಹೀಗೆ ಅರಿಯುವ ಧರ್ಮಸಭೆಯನ್ನು ಪವಿತ್ರಾತ್ಮರು ತಪ್ಪದಂತೆ ನಡೆಸುತ್ತಾರೆಯೇ? ನಾನು ಹೌದು ಎನ್ನುತ್ತೇನೆ, ಮೇಷ್ಟ್ರು ಇಲ್ಲ ಎನ್ನುತ್ತಾರೆ. ಮಗಳಿಗೆ ಇಷ್ಟನ್ನು ಹೇಳಿದರೂ ಆಕೆ ತನ್ನ ವಯಸ್ಸಿಗೆ ಮೀರಿದ್ದನ್ನೇ ಕಲಿತಂತೆ.

ಬೈಬಲ್ 73 ಪುಸ್ತಕಗಳದ್ದೇ ಇರಲಿ. ದೃಢೀಕರಣ ಪಡೆಯುತ್ತಿರುವುದು ನಮ್ಮಲ್ಲಿ ತಾನೇ.

ಚರಿತ್ರೆಯ ಮೇಷ್ಟ್ರು

ಇದಕ್ಕೆ ನನ್ನ ಒಪ್ಪಿಗೆಯೂ ಇದೆ. ಲೂಥರರ 1534ರ ಬೈಬಲಿನಲ್ಲೂ ಆ ಹೆಚ್ಚಿನ ಏಳು ಪುಸ್ತಕಗಳಿದ್ದವು. ಪವಿತ್ರ ಗ್ರಂಥಕ್ಕೆ ಸಮವಲ್ಲ, ಆದರೂ ಓದಲು ಒಳ್ಳೆಯವು, ಉಪಯುಕ್ತ ಎಂಬ ಟಿಪ್ಪಣಿಯೊಂದಿಗೆ ಎರಡು ಒಡಂಬಡಿಕೆಗಳ ನಡುವೆ ಅವುಗಳನ್ನು ಇರಿಸಿದ್ದರು. ನೀವೂ ಮಗಳ ಜೊತೆ ಕುಳಿತು ಓದಿ. 2 ಮಕ್ಕಬಿಯರು 15ನೆಯ ಅಧ್ಯಾಯದಲ್ಲಿ, ತೀರಿಕೊಂಡ ಯೆರೆಮೀಯನು ಜನರಿಗಾಗಿ ಪ್ರಾರ್ಥಿಸುವ ಕನಸು ಬರುತ್ತದೆ. ಅಲ್ಲಿಗೆ ಬಂದಾಗ ಮಗಳು ಏನು ಕೇಳಿದಳೆಂದು ಇಲ್ಲಿ ಬರೆಯಿರಿ.