ಪದ ಬೇಕು: ಕಾರು ರೇಸಿನ ‘ಡ್ರಾಫ್ಟಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಷಾರ್ಲಟ್, ನಾರ್ತ್ ಕ್ಯಾರೊಲೈನಾದಿಂದ

ಗುಂಪಿನ ಎಲ್ಲರಿಗೂ ನಮಸ್ಕಾರ. ಶುಕ್ರವಾರ ಸಂಜೆಯೊಳಗೆ ಒಂದು ಪದ ಬೇಕಾಗಿದೆ.

ಬೇಸಿಗೆ ಬಂತೆಂದರೆ ಇಲ್ಲಿ ನಮ್ಮೆಲ್ಲರ ಮನೆಗೆ ಊರಿಂದ ಅಪ್ಪ ಅಮ್ಮಂದಿರು ಬಂದಿಳಿಯುತ್ತಾರೆ. ಈ ಸಲ ಅವರನ್ನೆಲ್ಲ ಸೇರಿಸಿ ಇಲ್ಲಿನ ನಾಸ್ಕಾರ್ ಹಾಲ್ ಆಫ್ ಫೇಮ್ (ಅಮೆರಿಕದ ಸ್ಟಾಕ್ ಕಾರು ರೇಸು ನಡೆಸುವ ಸಂಸ್ಥೆ ನಾಸ್ಕಾರ್, ಅದರ ಇತಿಹಾಸದ ಸಂಗ್ರಹಾಲಯ) ನೋಡಲು ಕರೆದೊಯ್ಯುತ್ತಿದ್ದೇವೆ. ಅರ್ಧಕ್ಕರ್ಧ ಜನ ಕನ್ನಡ ಬಿಟ್ಟು ಬೇರೆ ಓದುವವರಲ್ಲ. ಅವರ ಕೈಗೆ ಕೊಡಲು ಎಂಟು ಪುಟದ ಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ.

ಸಿಕ್ಕಿಕೊಂಡಿರುವುದು ‘ಡ್ರಾಫ್ಟಿಂಗ್’ ಎಂಬಲ್ಲಿ. ಒಂದು ಕಾರು ಇನ್ನೊಂದರ ಬೆನ್ನಿಗೆ ಅಂಟಿದ ಹಾಗೆ ಓಡುವುದು. ಮುಂದಿನದು ಗಾಳಿ ಸೀಳಿಕೊಂಡು ಹೋಗುತ್ತದೆ, ಹಿಂದಿನದಕ್ಕೆ ಎದುರುಗಾಳಿ ಅಷ್ಟಾಗಿ ಬಡಿಯುವುದಿಲ್ಲ, ಎಂಜಿನ್ನಿಗೆ ಕಸುವು ಕಡಿಮೆಯಿದ್ದರೂ ಸಮಸಮಕ್ಕೆ ಓಡುತ್ತದೆ. 1960ರ ಡೇಟೋನಾ 500ರಲ್ಲಿ (ಫ್ಲಾರಿಡಾದ ಡೇಟೋನಾದ 500 ಮೈಲಿ ರೇಸು) ಜೂನಿಯರ್ ಜಾನ್ಸನ್ ಗೆದ್ದದ್ದು ಹೀಗೆಯೇ. ಅವನ ಷೆವರ್ಲೆ ಪಾಂಟಿಯಾಕ್‌ಗಳಿಗಿಂತ ನಿಧಾನ. ಅಭ್ಯಾಸದ ದಿನ ಒಂದು ಪಾಂಟಿಯಾಕ್ ಹಿಂದೆ ಹತ್ತಿರ ಹತ್ತಿರ ಓಡಿಸಿದಾಗ ತನ್ನ ಕಾರು ಹಿಂದೆ ಬೀಳುತ್ತಿಲ್ಲ ಎಂಬುದು ಅವನ ಗಮನಕ್ಕೆ ಬಂತು. ರೇಸಿನ ದಿನವೂ ಯಾರಾದರೊಬ್ಬರ ಬೆನ್ನು ಹಿಡಿದೇ ಓಡಿದ. ಕೊನೆಯ ಸುತ್ತುಗಳಲ್ಲಿ ಮುಂದಿದ್ದ ಬಾಬಿ ಜಾನ್ಸ್‌ನ ಪಾಂಟಿಯಾಕ್‌ನ ಹಿಂದಿನ ಗಾಜು ಗಾಳಿಗೆ ಕಿತ್ತುಹೋಗಿ ಕಾರು ಗಿರಕಿ ಹೊಡೆಯಿತು, ಜಾನ್ಸನ್ ಮುಂದೆ ಹೋದ.

ಯಂತ್ರಾನುವಾದ ‘ಕರಡು ರಚನೆ’ ಎಂದು ಕೊಟ್ಟಿದೆ. ‘ಸ್ಟಾಕ್ ಕಾರು’ ಎಂಬುದಕ್ಕೆ ‘ದಾಸ್ತಾನು ಕಾರು’! ಅಂಗಡಿಯಲ್ಲಿ ಮಾರುವ ಕಾರನ್ನು ಇದ್ದ ಹಾಗೆಯೇ ತಂದು ಓಡಿಸುವುದು ಎಂಬ ಅರ್ಥ ಮೊದಲಿಗೆ ಅದಕ್ಕಿತ್ತು. ಸ್ಟಾಕ್ ಕಾರು ಎಂದೇ ಬರೆದು ವಿವರಿಸಿದ್ದೇನೆ, ಅದರ ಚಿಂತೆ ಬೇಡ.

ಜೊತೆಗೆ ಇನ್ನೆರಡು. ಹಿಂದಿನ ಕಾರು ಉಳಿಸಿಟ್ಟ ಕಸುವನ್ನೆಲ್ಲ ಒಮ್ಮೆಗೇ ಬಿಟ್ಟು ಪಕ್ಕಕ್ಕೆ ಚಿಮ್ಮಿ ಮುಂದೆ ಹೋಗುವುದಕ್ಕೆ ‘ಸ್ಲಿಂಗ್‌ಷಾಟ್’ ಅನ್ನುತ್ತಾರೆ. ಡಾರ್ಲಿಂಗ್ಟನ್ ಟ್ರ್ಯಾಕಿನಲ್ಲಿ ಹೊರಗೋಡೆಗೆ ಉಜ್ಜಿ ಕಾರಿನ ಬಲಮಗ್ಗುಲಿಗೆ ಬೀಳುವ ಪಟ್ಟೆಗೆ ‘ಡಾರ್ಲಿಂಗ್ಟನ್ ಸ್ಟ್ರೈಪ್’. ‘ಮೂನ್‌ಷೈನ್’ಗೆ ಕಳ್ಳಬಟ್ಟಿ ಎಂದು ಹಾಕಿದ್ದೇನೆ.

ಸಾಗರದಿಂದ

ಇಂಗ್ಲಿಷಿನ ಆ ಪದದ ಬೇರು ‘ಎಳೆ’ ಎಂಬುದು. ಗಾಡಿ ಎಳೆಯುವ ಎತ್ತಿಗೂ ಅದೇ, ಪೀಪಾಯಿಯಿಂದ ಇಳಿಸಿದ ಪಾನೀಯಕ್ಕೂ ಅದೇ, ಗೆರೆ ಎಳೆದು ಮಾಡುವ ಕರಡಿಗೂ ಅದೇ. ಆದ್ದರಿಂದ ಕನ್ನಡದಲ್ಲಿ ‘ಸೆಳೆ’. ಹೊಳೆಯ ಸೆಳೆತ ಎಲ್ಲರಿಗೂ ಗೊತ್ತು. ‘ಸೆಳೆಯೋಟ’ ಎಂದು ಬರೆಯಿರಿ, ಮುಗಿಯಿತು.

ಕಳ್ಳಬಟ್ಟಿ ಬೇಡ. ಬಟ್ಟಿ ಎಂಬುದು ಬಡಗಣ ಭಟ್ಟಿ, ನಮ್ಮದಲ್ಲ. ಕಳ್ಳಹೆಂಡ ಎನ್ನಿ. ಕಾರು, ರೇಸು, ಎಂಜಿನ್ ಇವನ್ನೂ ಬಿಡಬಹುದಿತ್ತು. ಓಟಬಂಡಿ ಎಂದರೆ ಯಾರಿಗೆ ತಿಳಿಯುವುದಿಲ್ಲ?

ಮೂಡುಬಿದಿರೆಯಿಂದ

ಹೆಂಡ ಇಳಿಸುವುದು ಮರದಿಂದ, ಬಟ್ಟಿ ಇಳಿಸುವುದು ಒಲೆಯ ಮೇಲೆ. ಎರಡೂ ಒಂದಲ್ಲ. ಕಳ್ಳಬಟ್ಟಿ ಸರಿಯಾಗಿದೆ, ಮುಟ್ಟಬೇಡಿ ಮೇಡಂ.

ಓಟದ ಪದಗಳಿಗೆ ಕಂಬಳದ ಕಡೆ ನೋಡಬಹುದು. ಕೋಣ ಓಡುವ ಗದ್ದೆಗೆ ನಾವು ಕರೆ ಅನ್ನುತ್ತೇವೆ, ಓಟ ಮುಗಿಯುವ ಕಡೆಗೆ ಮಂಜೊಟ್ಟಿ. ಚೌಕಳಿ ಬಾವುಟ ಬೀಸುವ ಜಾಗಕ್ಕೆ ಮಂಜೊಟ್ಟಿ ಚೆಂದ ಒಪ್ಪುತ್ತದೆ. ಆದರೆ ನೀವು ಕೇಳಿದ ಪದ ನಮ್ಮಲ್ಲಿ ಹುಟ್ಟಲು ಸಾಧ್ಯವಿಲ್ಲ. ಜೋಡುಕರೆಯಲ್ಲಿ ಒಂದೊಂದು ಜೋಡಿಗೆ ಒಂದೊಂದು ಕರೆ, ಒಂದರ ಹಿಂದೆ ಇನ್ನೊಂದು ಓಡುವ ಮಾತೇ ಇಲ್ಲ.

ಗೋಡೆಗೆ ಉಜ್ಜಿದ ಪಟ್ಟೆಗೆ ‘ಡಾರ್ಲಿಂಗ್ಟನ್ ಬರೆ’. ಯೋಚನೆ ಮಾಡದೆ ಹಾಕಿ.

ಬೆಂಗಳೂರಿನಿಂದ

ಸೆಳೆಯೋಟ ತಪ್ಪು. ಹಿಂದಿನ ಕಾರನ್ನು ಯಾರೂ ಸೆಳೆಯುವುದಿಲ್ಲ. ಮುಂದಿನ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಾದ ಜಾಗವಿರುತ್ತದೆ, ಅದರೊಳಗೆ ಮೂಗು ತೂರಿಸಿದರೆ ಎದುರಿನ ತಡೆ ಇಳಿಯುತ್ತದೆ, ಅಷ್ಟೇ. ಇನ್ನೂ ಒಂದು ಸಂಗತಿಯಿದೆ. ಮುಂದಿನ ಕಾರಿಗೂ ಲಾಭ. ಅದರ ಬೆನ್ನ ಹಿಂದಿನ ಖಾಲಿಯನ್ನು ಇನ್ನೊಂದು ಕಾರು ತುಂಬಿರುವುದರಿಂದ ಅದನ್ನು ಹಿಂದಕ್ಕೆ ಹಿಡಿಯುವ ಬಲ ತಗ್ಗುತ್ತದೆ. ಒಂಟಿ ಕಾರಿಗಿಂತ ಜೋಡಿ ಕಾರು ವೇಗ.

1987ರಲ್ಲಿ ಅಲಬಾಮಾದ ಟಾಲಡೇಗಾ ಟ್ರ್ಯಾಕಿನ ಅರ್ಹತಾ ಸುತ್ತಿನಲ್ಲಿ ಬಿಲ್ ಎಲಿಯಟ್ ಗಂಟೆಗೆ 212.809 ಮೈಲಿ, ಅಂದರೆ ಸುಮಾರು 342 ಕಿಲೋಮೀಟರ್ ವೇಗ ಮುಟ್ಟಿದ. ಅದೇ ವಾರದ ರೇಸಿನಲ್ಲಿ ಬಾಬಿ ಆಲಿಸನ್‌ನ ಕಾರು ಟೈರು ಒಡೆದು ಮೇಲೆದ್ದು ಪ್ರೇಕ್ಷಕರ ಮುಂದಿನ ಬೇಲಿಯನ್ನು ಹರಿಯಿತು. 1988ರಿಂದ ಡೇಟೋನಾ ಮತ್ತು ಟಾಲಡೇಗಾದಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನೇ ತಡೆಯುವ ತಟ್ಟೆ ಕೂರಿಸಿದರು. ಎಲ್ಲರ ಕಸುವೂ ಇಳಿದ ಮೇಲೆ ಗೆಲುವು ಪೂರ್ತಿ ಈ ಡ್ರಾಫ್ಟಿಂಗ್ ಮೇಲೆಯೇ ನಿಂತಿತು. ಇಷ್ಟು ಇತಿಹಾಸವಿರುವ ಪಾರಿಭಾಷಿಕ ಪದವನ್ನು ಅನುವಾದಿಸಬಾರದು. ಬಸ್ಸು, ಟಿಕೆಟ್ಟು, ಸೀಟು ಅಂದವರಿಗೆ ಡ್ರಾಫ್ಟಿಂಗ್ ಭಾರವಲ್ಲ.

ಸಾಗರದಿಂದ

ಭಾರ ಯಾರಿಗೆ ಎಂಬುದನ್ನು ಪದ ಕೇಳಿದವರು ಹೇಳಲಿ.

ಷಾರ್ಲಟ್‌ನಿಂದ

ಹೇಳುತ್ತೇನೆ ಸರ್. ನಿನ್ನೆ ರಾತ್ರಿ ಅಮ್ಮನಿಗೆ ಕರಡು ಓದಿ ತೋರಿಸಿದೆ. ‘ಡ್ರಾಫ್ಟಿಂಗ್ ಮಾಡಿ ಗೆದ್ದ’ ಎಂದಾಗ ಅಮ್ಮ, ‘ಡ್ರಾಫ್ಟ್ ಅಂದ್ರೆ ಬ್ಯಾಂಕಿಂದಾ? ಡಿ.ಡಿ. ತೆಗೆಸಿದ್ನಾ?’ ಎಂದು ಕೇಳಿದರು. ನಮ್ಮ ಕಾಲೇಜು ಫೀಸಿಗೆಲ್ಲ ಸಾಲಿನಲ್ಲಿ ನಿಂತು ಡಿ.ಡಿ. ತೆಗೆಸಿದವರು ಅವರು. ಹಾಗಾಗಿ ಬರೀ ಡ್ರಾಫ್ಟಿಂಗ್ ಎಂದು ಬಿಡುವಂತಿಲ್ಲ.

ಪಕ್ಕದ ಮನೆಯ ಅಜ್ಜ ಹುಟ್ಟಿದಾಗಿಂದ ಇದೇ ಊರಿನವರು, ರೇಸಿನ ಹುಚ್ಚು ಬಹಳ. ಅವರನ್ನೂ ಕೇಳಿದೆ. ಬಾಯಲ್ಲಿ ಹೇಳಲಿಲ್ಲ. ವರಾಂಡದ ಮೇಜಿನ ಮೇಲೆ ಬಲಗೈಯನ್ನು ಕವುಚಿ ಮುಂದಕ್ಕೆ ಜಾರಿಸಿದರು, ಎಡಗೈ ಬೆರಳತುದಿಯನ್ನು ಬಲ ಮಣಿಕಟ್ಟಿನ ಅಡಿಗೆ ತೂರಿಸಿದರು, ಎರಡೂ ಕೈ ಒಟ್ಟಿಗೆ ಮೇಜಿನ ಉದ್ದಕ್ಕೂ ಹೋದವು. ತುದಿ ಹತ್ತಿರ ಬಂದಾಗ ಎಡಗೈ ಫಕ್ಕನೆ ಪಕ್ಕಕ್ಕೆ ಹಾರಿ ಮುಂದೆ ಹೋಯಿತು.

ಆಮೇಲೆ 1979ರ ಕಥೆ ತೆಗೆದರು. ಡೇಟೋನಾ 500ನ್ನು ಶುರುವಿಂದ ಕೊನೆಯವರೆಗೆ ಟೀವಿಯಲ್ಲಿ ನೇರವಾಗಿ ತೋರಿಸಿದ್ದು ಅದೇ ಮೊದಲು. ಪೂರ್ವದ ರಾಜ್ಯಗಳಲ್ಲಿ ಹಿಮ ಬಿದ್ದು ಜನ ಮನೆಯಿಂದ ಹೊರಬೀಳುವಂತಿರಲಿಲ್ಲ, ರೇಸು ಕಾಣದವರೂ ಅಂದು ಕಂಡರು. ಕೊನೆಯ ಸುತ್ತು. ಮುಂದೆ ಡಾನಿ ಆಲಿಸನ್, ಅವನ ಬೆನ್ನಿಗೆ ಕೇಲ್ ಯಾರ್ಬರೊ. ಯಾರ್ಬರೊ ಎಲ್ಲಿ ಚಿಮ್ಮುತ್ತಾನೆ ಎಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ಒಳಮಗ್ಗುಲಿಗೆ ಚಿಮ್ಮಿದ, ಡಾನಿ ಅಡ್ಡ ಬಂದ, ಎರಡೂ ಕಾರು ಗುದ್ದಿಕೊಂಡು ಗೋಡೆಗೆ ಬಡಿದು ಕೆಳಗಿನ ಹುಲ್ಲಿಗೆ ಜಾರಿದವು. ಎಷ್ಟೋ ಹಿಂದಿದ್ದ ರಿಚರ್ಡ್ ಪೆಟಿ ಗೆದ್ದ. ಇತ್ತ ಹುಲ್ಲಿನ ಮೇಲೆ ಡಾನಿಯ ಅಣ್ಣ ಬಾಬಿಯೂ ಬಂದು ಸೇರಿ ಕೈಕೈ ಮಿಲಾಯಿಸಿದರು. ಹೇಳುತ್ತ ಹೇಳುತ್ತ ಅಜ್ಜ ಎದ್ದೇ ನಿಂತಿದ್ದರು.

ಆ ಎಡಗೈ ಬೆರಳು ಮಣಿಕಟ್ಟಿನ ಅಡಿ ತೂರಿದ್ದಕ್ಕೆ ನನಗೆ ಪದ ಬೇಕು. ದಯವಿಟ್ಟು.

ಜಮಖಂಡಿಯಿಂದ

ಅಕ್ಕಾರ, ಶಬ್ದ ಐತಿ. ‘ಗಾಳಿಮರೆ’.

ನಾನು ಹೈಸ್ಕೂಲಿಗೆ ದಿನಾ ಒಂಬತ್ತು ಕಿಲೋಮೀಟರ್ ಸೈಕಲ್ ತುಳಿದವನು. ಆಷಾಢದಾಗ ನಮ್ಮ ಕಡೆ ಪಡುವಣ ಗಾಳಿ ಎದೆಗೆ ಕೈ ಇಟ್ಟು ನೂಕಿದಂಗ ಬರ್ತದ. ತುಳಿದರೂ ಸೈಕಲ್ ನಿಂತಲ್ಲೇ ನಿಂತಂಗ. ಆವಾಗ ಕಣಕಿ ಹೇರಿದ ಟ್ರ್ಯಾಕ್ಟರ್ ಬರೋದನ್ನ ಕಾಯ್ತಿದ್ವಿ. ಅದು ದಾಟಿದ ಕೂಡಲೆ ಟ್ರೇಲರ್‌ಗೆ ಮೊಳ ಎರಡು ಮೊಳ ಅಂತರ ಬಿಟ್ಟು ಹಿಂದ ಬೀಳೋದು. ಒಳಗ ಹೊಕ್ಕಿದ್ದು ಮೊದಲು ಕಿವಿಗೆ ಗೊತ್ತಾಗ್ತದ, ಭೋರ್ ಅನ್ನೋ ಸದ್ದು ಒಮ್ಮೆಲೆ ನಿಂತು ಸೈಕಲ್ ಚೈನಿನ ಸದ್ದು ಕೇಳಸ್ತದ. ಆಮೇಲೆ ಕಾಲು ಹಗುರ. ಕಣಕಿ ರವದಿ ಹಾರಿ ಕಣ್ಣಿಗೆ ಬೀಳ್ತಿತ್ತು, ಆದರೂ ಬಿಡ್ತಿರಲಿಲ್ಲ. ಗೆಳೆಯರು ಹಿಂದಿನಿಂದ ‘ಮರೆ ಬಿಡಬ್ಯಾಡ್ರಲೇ’ ಅಂತ ಕೂಗ್ತಿದ್ರು. ಮಗ್ಗುಲಿಗೆ ಒಂದು ಗೇಣು ಸರಿದರೆ ಮತ್ತ ಗಾಳಿ ಮಾರಿಗೆ ರಪ್ ಅಂತ ಬಡೀತದ.

ಬೆಂಗಳೂರಿನವರು ಹೇಳಿದ ‘ಮುಂದಿನದಕ್ಕೂ ಲಾಭ’ ಅನ್ನೋದು ಈ ಶಬ್ದದಾಗ ಇಲ್ಲ, ಒಪ್ಪತೀನಿ. ಆದರ ನಿಮ್ಮ ವಾಕ್ಯ ಜಾನ್ಸನ್‌ದು. ಅವ ಹಿಂದಿದ್ದವ. ಅವನಿಗೆ ಸಿಕ್ಕಿದ್ದು ಮರೆನೇ.

ಇನ್ನು ಚಿಮ್ಮಿ ಮುಂದ ಹೋಗೋದಕ್ಕ ‘ಕವಣೆ’ ಇದ್ದೇ ಐತಿ. ಜೋಳದ ಹೊಲದಾಗ ಅಟ್ಟಣಿಗಿ ಮ್ಯಾಲ ನಿಂತು ಹಕ್ಕಿಗೆ ಬೀಸೋ ಕವಣಿ. ನಿಮ್ಮ ತಂಡದ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಾಗರದಿಂದ

ಗಾಳಿಮರೆ ಒಪ್ಪಿದೆ. ಸೆಳೆಯೋಟ ಹಿಂತೆಗೆದುಕೊಂಡೆ. ಗಾಳಿಯೂ ಮರೆಯೂ ಅಚ್ಚಗನ್ನಡ. ಗಮನಿಸಿ, ಹಳಗನ್ನಡದಲ್ಲಿ ಇದು ಶಕಟರೇಫದ ‘ಮಱೆ’. ನೆನಪು ಹೋಗುವ ಮಱೆಯೂ ಅದೇ ಱಕಾರದ್ದು. ಕಣ್ಣಿಂದ ಮರೆಯಾದದ್ದು, ಮನಸ್ಸಿಂದ ಮರೆತದ್ದು, ಎರಡಕ್ಕೂ ಬೇರು ಒಂದೇ ಎಂದು ನಾನು ಬಹಳ ವರ್ಷಗಳಿಂದ ನಂಬಿದ್ದೇನೆ. ಅಕ್ಷರವನ್ನೇ ಕೈಬಿಟ್ಟು ನಾವು ಈ ನಂಟುಗಳನ್ನು ಕಳೆದುಕೊಂಡೆವು. ಇಂಥ ಪದ ಜಮಖಂಡಿಯ ಹುಡುಗರ ಬಾಯಲ್ಲಿ ಇರುವಾಗ ಡ್ರಾಫ್ಟಿಂಗ್ ಎಂಬ ಎರವಲು ಯಾಕೆ?

ಬೆಂಗಳೂರಿನಿಂದ

ಎರವಲು ಯಾಕೆಂದರೆ, ಓದುವವರು ನಾಳೆ ಮೊಮ್ಮಗನ ಜೊತೆ ರೇಸು ನೋಡಬೇಕು. ಅವನು ಡ್ರಾಫ್ಟಿಂಗ್ ಅನ್ನುತ್ತಾನೆ, ಗಾಳಿಮರೆ ಅನ್ನುವುದಿಲ್ಲ. ಎರಡನ್ನೂ ಕೊಡಿ. ಅಚ್ಚಗನ್ನಡದ ಹಟಕ್ಕೆ ಓದುಗರನ್ನು ಒತ್ತೆ ಇಡಬೇಡಿ. ಅಚ್ಚಗನ್ನಡದಲ್ಲೇ ಕಾವ್ಯ ಬರೆದ ಹಳೆಯ ಕವಿ ಆಂಡಯ್ಯ ಕೂಡ ತತ್ಸಮ ಬಿಟ್ಟನೇ ಹೊರತು ತದ್ಭವ ಬಿಡಲಿಲ್ಲ. ಸಂಸ್ಕೃತವನ್ನು ಕನ್ನಡದ ಬಾಯಿಗೆ ಒಗ್ಗಿಸಿಕೊಂಡ. ಕಾರು, ರೇಸು, ಬಸ್ಸು ನಮ್ಮ ಕಾಲದ ತದ್ಭವಗಳು.

ಸಾಗರದಿಂದ

ಕೊನೆಗೆ ಉಕಾರ ಹಚ್ಚಿದ್ದೆಲ್ಲ ತದ್ಭವವಲ್ಲ. ಇದನ್ನು ಇಲ್ಲಿ ನೂರು ಸಲ ಹೇಳಿಯಾಗಿದೆ.

ಮೂಡುಬಿದಿರೆಯಿಂದ

ಇಬ್ಬರೂ ಬೇರೆ ಎಳೆ ಶುರುಮಾಡಿ. ಮೇಡಂಗೆ ನಾಳೆ ಅಚ್ಚಿಗೆ ಹೋಗಬೇಕು.

ಒಂದು ಕೇಳುವುದಿತ್ತು. ಕಳ್ಳಬಟ್ಟಿಗೂ ಈ ರೇಸಿಗೂ ಏನು ನಂಟು? ಅದು ಗೊತ್ತಾದರೆ ಪದ ಒಪ್ಪುತ್ತದೋ ಇಲ್ಲವೋ ಖಚಿತವಾಗಿ ಹೇಳಬಹುದು.

ಷಾರ್ಲಟ್‌ನಿಂದ

ಬಹಳ ಹತ್ತಿರದ ನಂಟು. ಇಲ್ಲಿನ ಬೆಟ್ಟದ ಸೀಮೆಯಲ್ಲಿ ಬಟ್ಟಿ ಇಳಿಸಿ ರಾತ್ರಿ ಕಾರಿನಲ್ಲಿ ಸಾಗಿಸುತ್ತಿದ್ದರು. ಪೊಲೀಸರಿಂದ ತಪ್ಪಿಸಿಕೊಳ್ಳಲು ಕಾರಿಗೆ ವೇಗ ಬೇಕು, ಸರಕು ತುಂಬಿದ್ದು ತಿಳಿಯದಂತೆ ಹಿಂಭಾಗ ಕುಸಿಯಲೂ ಬಾರದು. 1949ರ ಜೂನ್ 19ರಂದು ಇದೇ ಷಾರ್ಲಟ್‌ನ ಮಣ್ಣಿನ ಟ್ರ್ಯಾಕಿನಲ್ಲಿ ನಾಸ್ಕಾರ್‌ನ ಮೊದಲ ‘ಸ್ಟ್ರಿಕ್ಟ್‌ಲಿ ಸ್ಟಾಕ್’ ರೇಸು ನಡೆಯಿತು. ಮೊದಲು ಗುರಿ ಮುಟ್ಟಿದವನು ಗ್ಲೆನ್ ಡನವೇ. ತಪಾಸಣೆ ಮಾಡಿದಾಗ ಅವನ ಫೋರ್ಡ್‌ನ ಹಿಂದಿನ ಸ್ಪ್ರಿಂಗುಗಳನ್ನು ಕಳ್ಳಬಟ್ಟಿ ಸಾಗಿಸುವವರ ರೀತಿಯಲ್ಲೇ ಬಿಗಿಗೊಳಿಸಿದ್ದು ಸಿಕ್ಕಿತು. ಅಂಗಡಿಯಲ್ಲಿದ್ದ ಹಾಗಿಲ್ಲ ಎಂದು ಅವನನ್ನು ಹೊರಗಿಟ್ಟು ಕ್ಯಾನ್ಸಸ್‌ನಿಂದ ಬಂದಿದ್ದ ಜಿಮ್ ರೋಪರ್‌ಗೆ ಗೆಲುವು ಕೊಟ್ಟರು. ಜೂನಿಯರ್ ಜಾನ್ಸನ್ ಕೂಡ ಅಪ್ಪನ ಬಟ್ಟಿಯ ಹತ್ತಿರ ಸಿಕ್ಕಿಬಿದ್ದು 11 ತಿಂಗಳು ಜೈಲಿನಲ್ಲಿದ್ದವನು. 1986ರಲ್ಲಿ ಅಧ್ಯಕ್ಷ ರೇಗನ್ ಅವನಿಗೆ ಕ್ಷಮೆ ನೀಡಿದರು.

ಕಪ್ಪುಜನರಲ್ಲಿ ಮೊದಲಿಗೆ ಈ ಮಟ್ಟದ ರೇಸು ಗೆದ್ದ ವೆಂಡೆಲ್ ಸ್ಕಾಟ್ ಬಗ್ಗೆಯೂ ಅರ್ಧ ಪುಟ ಬರೆದಿದ್ದೇನೆ. ಅವನೂ ಕಳ್ಳಬಟ್ಟಿ ಸಾಗಿಸಿದವನೇ. 1963ರ ಡಿಸೆಂಬರ್ 1ರಂದು ಜಾಕ್ಸನ್‌ವಿಲ್‌ನಲ್ಲಿ ಅವನು ಗೆದ್ದಾಗ ಬಾವುಟ ಬೀಸಿದ್ದು ಬಕ್ ಬೇಕರ್‌ಗೆ. ತಾಸುಗಟ್ಟಲೆ ಕಳೆದು, ಜನವೆಲ್ಲ ಚದುರಿದ ಮೇಲೆ ಗೆದ್ದವನು ಸ್ಕಾಟ್ ಎಂದರು. ಅವನ ಮನೆಯವರ ಕೈಗೆ ಗೆಲುವಿನ ಟ್ರೋಫಿ ಬಂದದ್ದು 2021ರಲ್ಲಿ, ಅವನು ತೀರಿಕೊಂಡು 30 ವರ್ಷ ಕಳೆದ ಮೇಲೆ. ಈ ಪುಟ ಬರೆಯುವಾಗ ನನಗೆ ಯಾವ ಪದಕ್ಕೂ ಕಷ್ಟವಾಗಲಿಲ್ಲ.

ಕೊನೆಗೆ ಇಟ್ಟ ವಾಕ್ಯಗಳು ಇವು:

‘ಜಾನ್ಸನ್‌ನ ಕಾರು ನಿಧಾನದ್ದು. ಆದರೆ ಅವನು ವೇಗದ ಕಾರುಗಳ ಗಾಳಿಮೊರೆ ಹಿಡಿದು ಓಡಿದ. ರೇಸಿನವರು ಇದಕ್ಕೆ ಡ್ರಾಫ್ಟಿಂಗ್ ಅನ್ನುತ್ತಾರೆ. ಮರೆಯಿಂದ ಕವಣೆಗಲ್ಲಿನಂತೆ ಚಿಮ್ಮಿ ಮುಂದಿನವರನ್ನು ಹಿಂದೆ ಹಾಕುವುದೂ ಉಂಟು.’

ಅಮ್ಮನಿಗೆ ಓದಿದೆ. ‘ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಲ್ಲಿ ಕೂತರೆ ಗಾಳಿ ಹೊಡೆಯಲ್ಲ, ಹಾಗೆ’ ಎಂದರು. ಎಲ್ಲರಿಗೂ ಕೈಮುಗಿದೆ. ಮಧ್ಯಾಹ್ನ ಅಚ್ಚಿಗೆ ಕಳಿಸುತ್ತೇನೆ.

ಜಮಖಂಡಿಯಿಂದ

ಅಕ್ಕಾರ, ಕಳಸೂದಕ್ಕಿಂತ ಮೊದಲು ನೋಡ್ರಿ. ಎರಡನೇ ವಾಕ್ಯದಾಗ ‘ಗಾಳಿಮೊರೆ’ ಅಂತ ಬಿದ್ದೈತಿ. ಮೊರೆ ಅಲ್ಲ, ಮರೆ.