ಭಾವನ ಅಂಗಡಿಯೊಂದನ್ನೇ ನಂಬಿ ರಫ್ತು ಮಾಡಬಹುದೇ?

ಪ್ರಶ್ನೆ (ಶಿರಸಿ): ಸರ್, ಮನೆಯ ಕಾಳುಮೆಣಸು, ಒಣ ಮುರುಗಲ ಸಿಪ್ಪೆ, ಮಿಡಿ ಉಪ್ಪಿನಕಾಯಿಯನ್ನು ಶಾರ್ಜಾದಲ್ಲಿರುವ ಭಾವನ ದಿನಸಿ ಅಂಗಡಿಗೆ ಕಳಿಸುತ್ತೇವೆ. ಕೊಲ್ಲಿಯಲ್ಲಿ ಗಲಾಟೆ ಎದ್ದಾಗಲೆಲ್ಲ ಹಡಗಿನ ಬಾಡಿಗೆ ಏರುತ್ತದೆ, ಆರ್ಡರ್ ನಿಲ್ಲುತ್ತದೆ. ಇದನ್ನು ಬಿಟ್ಟು ಅಮೆರಿಕದ ಕನ್ನಡಿಗರನ್ನು ಹಿಡಿಯೋಣ ಎನ್ನುತ್ತಾನೆ ತಮ್ಮ. ಏನು ಮಾಡಲಿ?

ಉತ್ತರ (ರಫ್ತು ಸಲಹೆಗಾರ): ಬಿಡಬೇಡಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ಶೇ 50 ಸುಂಕ ಹೇರಿದಾಗ ಆ ದೇಶವನ್ನೇ ನಂಬಿದ್ದ ಸಿಗಡಿ ರಫ್ತುದಾರರು ಕಂಗಾಲಾದರು. ಅಡಿಕೆ ತೋಟದಲ್ಲೇ ಮೆಣಸು, ಏಲಕ್ಕಿ, ಬಾಳೆ ಬೆಳೆಯುವ ನಿಮಗೆ ಒಂದನ್ನೇ ನೆಚ್ಚುವ ಅಪಾಯವನ್ನು ನಾನು ಹೇಳಿಕೊಡಬೇಕಾಗಿಲ್ಲ.

ಭಾವನಿಂದ ಖರೀದಿಗಿಂತ ಪರಿಚಯ ಕೇಳಿ. ಊರಿನ ನೆನಪಿಗೆ ಉಪ್ಪಿನಕಾಯಿ ಕೊಳ್ಳುವವರು ಎಷ್ಟು ಮಂದಿ ಇದ್ದಾರು? ಅಲ್ಲಿನ ಸಗಟು ವ್ಯಾಪಾರಿ ಯಾರು, ಹೋಟೆಲಿನವರು ವಿಯೆಟ್ನಾಂ ಮೆಣಸನ್ನು ಯಾವ ದರಕ್ಕೆ ಕೊಳ್ಳುತ್ತಾರೆ, ಯಾರು ಹಣ ಎಳೆದಾಡಿಸುತ್ತಾರೆ ಎಂಬುದು ಭಾವನಿಗೆ ಗೊತ್ತಿರುತ್ತದೆ. ಇಲ್ಲಿ ಕೂತ ನಿಮಗೂ ನನಗೂ ಅದು ಸಿಗುವುದಿಲ್ಲ. ಮಸ್ಕತ್‌ನಲ್ಲೂ ನೆಂಟರಿದ್ದರೆ ಅವರನ್ನೂ ಜೋಡಿಸಿಕೊಳ್ಳಿ.

ಬಂದರಿನ ವಿಷಯ. ದುಬೈನ ಜೆಬೆಲ್ ಅಲಿ ಬಂದರು ಕೊಲ್ಲಿಯ ಬಾಯಿಯಾದ ಹಾರ್ಮುಜ್ ಜಲಸಂಧಿಯ ಒಳಗಿದೆ, ಗಲಾಟೆ ಎದ್ದರೆ ಆ ದಾರಿಗೇ ತೊಂದರೆ. ಖೋರ್ ಫಕ್ಕಾನ್ ಶಾರ್ಜಾಕ್ಕೇ ಸೇರಿದ್ದರೂ ಜಲಸಂಧಿಯ ಹೊರಗಿದೆ, ಅಲ್ಲಿಂದ ರಸ್ತೆಯಲ್ಲಿ ಸಾಗಿಸಬಹುದು. ಎರಡಕ್ಕೂ ದರ ಕೇಳಿಟ್ಟುಕೊಳ್ಳಿ. ಮೆಣಸೂ ಸಿಪ್ಪೆಯೂ ಬೇಗ ಕೆಡುವ ಸರಕಲ್ಲ. ಬಾಡಿಗೆ ಇಳಿದಿದ್ದಾಗ ಹೆಚ್ಚು ಕಳಿಸಿ ಅಲ್ಲೇ ದಾಸ್ತಾನು ಇಡಿಸಿ. 2022ರ ಮೇ 1ರಿಂದ ಭಾರತ–ಯುಎಇ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ. ಸುಂಕದ ರಿಯಾಯಿತಿಗೆ ಸರಕಿನ ಮೂಲದೇಶದ ಪ್ರಮಾಣಪತ್ರ ಜೊತೆಗಿರಬೇಕು.

ಇನ್ನೊಂದು ಮಾತು, ಭಾವನಿಗೆ ಬೇಸರವಾದರೂ ಸರಿ: ದರ, ಗಡುವು, ಹಾಳಾದ ಸರಕಿನ ಹೊಣೆ ಕಾಗದದ ಮೇಲಿರಲಿ. ಮನೆಖರ್ಚಿಗೆ ಎಂಬಂತೆ ಅವರು ನಿಮ್ಮ ತಾಯಿಯ ಖಾತೆಗೆ ಹಣ ಹಾಕಿದರೆ ಅದು ರಫ್ತಿನ ಹಣವಾಗುವುದಿಲ್ಲ. ಬ್ಯಾಂಕಿನಲ್ಲಿ ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತಿನ ದಾಖಲೆ) ಬಾಕಿಯಾಗಿಯೇ ಉಳಿದು ಮುಂದಿನ ರಫ್ತಿಗೆ ಅಡ್ಡ ಬರುತ್ತದೆ. ಕುಟುಂಬದ ವ್ಯಾಪಾರಗಳು ಹೆಚ್ಚಾಗಿ ಎಡವುವುದು ಇಲ್ಲೇ.

ಪ್ರಶ್ನೆ (ಭಟ್ಕಳ): ನಮ್ಮದು ದುಬೈನ ದೇರಾದಲ್ಲಿ ಬಟ್ಟೆ ಅಂಗಡಿ. ಊರಿನಿಂದ ತರಿಸುವ ಮಾಲಿಗೆ ರೂಪಾಯಿಯಲ್ಲೇ ಬಿಲ್ ಮಾಡಿಸಬಹುದೇ?

ಉತ್ತರ: ಮಾಡಿಸಬಹುದು. 2022ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ರೂಪಾಯಿ ವಹಿವಾಟಿಗೆ ವ್ಯವಸ್ಥೆ ಮಾಡಿತು. ಮರುವರ್ಷ ಯುಎಇ ಕೇಂದ್ರ ಬ್ಯಾಂಕಿನೊಡನೆ ರೂಪಾಯಿ–ದಿರ್ಹಮ್ ಪಾವತಿಯ ಒಡಂಬಡಿಕೆಯೂ ಆಯಿತು. ಕೊಳ್ಳುವವರಾದ ನಿಮಗೆ ರೂಪಾಯಿ ಇಳಿದಾಗ ಅದು ಲಾಭ. ಆದರೆ ಶಿರಸಿಯವರು ಆತುರಪಡುವುದು ಬೇಡ. ದಿರ್ಹಮ್ ಡಾಲರಿಗೆ ಕಟ್ಟಿಕೊಂಡಿದೆ, ರೂಪಾಯಿ ಕುಸಿದರೆ ದಿರ್ಹಮ್ ಬಿಲ್ಲಿನಲ್ಲಿ ಮಾರುವವನ ಕೈಗೇ ಹೆಚ್ಚು ಬರುತ್ತದೆ.

ಪ್ರಶ್ನೆ (ಶಿರಸಿ): ಪರಿಚಯವಿಲ್ಲದ ಸಗಟು ವ್ಯಾಪಾರಿ ಹಣ ಕೊಡದಿದ್ದರೆ?

ಉತ್ತರ: ಅರ್ಧ ಮುಂಗಡ ಕೇಳಿ. ಉಳಿದದ್ದಕ್ಕೆ ಇಸಿಜಿಸಿ (ಕೊಂಡವರು ಹಣ ಕೊಡದಿದ್ದರೆ ರಫ್ತುದಾರರಿಗೆ ಪರಿಹಾರ ನೀಡುವ ಸರ್ಕಾರಿ ಸಂಸ್ಥೆ) ವಿಮೆ ಮಾಡಿಸಿ. ಸರಕು ಹಾಳಾದರೆ ಅದು ಕೊಡುವುದಿಲ್ಲ, ಅದಕ್ಕೆ ಸಾಗಣೆ ವಿಮೆ ಬೇರೆಯೇ ಬೇಕು.