ಪರಾವಲಂಬಿಯ ಜಾಣತನ ಇರುವುದು ಜೀನ್‌ನಲ್ಲೋ, ಜೀನ್ ಮೇಲಿನ ಬೀಗದಲ್ಲೋ?

ಬೀಗದಕೈ: ಮಲೇರಿಯಾ ತರುವ ಪ್ಲಾಸ್ಮೋಡಿಯಂ ಫಾಲ್ಸಿಪೇರಮ್‌ನಲ್ಲಿ ಒಂದೇ ಪ್ರೋಟೀನಿನ ಬೇರೆ ಬೇರೆ ರೂಪ ಮಾಡುವ ಸುಮಾರು 60 ವಾರ್ (var) ಜೀನ್‌ಗಳಿವೆ. ಒಂದು ಸಲಕ್ಕೆ ಒಂದೇ ಬಳಕೆ, ಮಿಕ್ಕವಕ್ಕೆಲ್ಲ ಬೀಗ. ನಮ್ಮ ದೇಹ ಆ ಒಂದರ ಪ್ರೋಟೀನನ್ನು ಗುರುತು ಹಿಡಿಯುವಷ್ಟರಲ್ಲಿ ಕೆಲವು ಪರಾವಲಂಬಿಗಳು ಇನ್ನೊಂದು ಜೀನ್ ತೆರೆದು ಕೂತಿರುತ್ತವೆ. ಡಿಎನ್ಎಯಲ್ಲಿ ಒಂದಕ್ಷರವೂ ಬದಲಾಗಿಲ್ಲ, ಅಂಗಿ ಮಾತ್ರ ಬೇರೆ. ಆತಿಥೇಯನಿಗೆ, ಅಂದ್ರೆ ಬೀಡುಬಿಟ್ಟ ದೇಹಕ್ಕೆ, ಹೊಂದಿಕೊಳ್ಳೋದು ಅಂದ್ರೆ ಬರೀ ಮ್ಯುಟೇಶನ್ (ಡಿಎನ್ಎ ಅಕ್ಷರ ಬದಲಾಗೋದು) ಅಂತ ಇನ್ನೂ ಪಾಠ ಹೇಳುವವರು ಇದಕ್ಕೇನಂತೀರಿ?

ಹಳೇ ಡಾರ್ವಿನ್: "ಒಂದಕ್ಷರವೂ ಬದಲಾಗಿಲ್ಲ" ಅಂತೆ! ಕ್ಲೋರೊಕ್ವಿನ್ ಮಾತ್ರೆಗೆ ಬಗ್ಗದ ಮಲೇರಿಯಾ ಬಂದದ್ದು ಹೇಗೆ? ಪಿಎಫ್‌ಸಿಆರ್‌ಟಿ ಪ್ರೋಟೀನಿನ 76ನೇ ಜಾಗದಲ್ಲಿ ಲೈಸೀನ್ ಅನ್ನುವ ಅಮೈನೋ ಆಮ್ಲ ಹೋಗಿ ಥ್ರಿಯೊನೀನ್ ಬಂದಿದ್ದು ಮುಖ್ಯ ಕಾರಣ. ಅಪ್ಪಟ ಮ್ಯುಟೇಶನ್.

ಬೀಗದಕೈ: ಔಷಧಿ ಆತಿಥೇಯ ಅಲ್ಲ ಸ್ವಾಮಿ. ನಾನು ದೇಹದ ಬಗ್ಗೆ ಹೇಳಿದರೆ ನೀವು ಮಾತ್ರೆಯ ಬಗ್ಗೆ ಹೇಳ್ತಿದ್ದೀರಿ.

ಸ್ಲೈಡ್ ನೋಡುವವಳು: ಅದೆಲ್ಲ ಇರಲಿ, ಆ "ಅಂಗಿ" ತಪ್ಪು. ಮಲೇರಿಯಾ ಪರಾವಲಂಬಿ ಆ ಪ್ರೋಟೀನನ್ನು ತಾನು ತೊಡುವುದಿಲ್ಲ. ತಾನು ಒಳಗೆ ಅಡಗಿರುವ ಕೆಂಪು ರಕ್ತಕಣದ ಹೊರಮೈಗೆ ಕಳಿಸುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಣದ ಮೈತುಂಬ ಸಣ್ಣ ಸಣ್ಣ ಉಬ್ಬುಗಳು ಕಾಣುತ್ತವೆ. ಪ್ರೋಟೀನ್ ಇರುವುದು ಅಲ್ಲಿ. ಅದರ ಕೆಲಸ ರಕ್ತನಾಳದ ಗೋಡೆಗೆ ಅಂಟುವುದು. ಅಂಟದೆ ತೇಲಿಹೋದರೆ ಗುಲ್ಮ ಸೋಸಿ ಹಾಕುತ್ತದೆ. ಅದು ಅಂಗಿಯಲ್ಲ, ಕೊಕ್ಕೆ.

ಬೀಗದಕೈ: ಸುಮ್ನೆ ಒಂದು ಹೋಲಿಕೆ ಕೊಟ್ಟೆ ಮೇಡಂ. ಅದಕ್ಕೂ ಜಗಳವಾ?

ಸ್ಲೈಡ್ ನೋಡುವವಳು: ಹೋಲಿಕೆ ದಾರಿ ತಪ್ಪಿಸಿದರೆ ಜಗಳವೇ. ಗರ್ಭಿಣಿಯರ ಮಲೇರಿಯಾ ನೋಡಿ. ವಾರ್2ಸಿಎಸ್ಎ ಅನ್ನುವ ಜೀನ್ ತೆರೆದ ಪರಾವಲಂಬಿಗಳು ಮಾಸಿನಲ್ಲಿ ಹೋಗಿ ಅಂಟಿಕೊಳ್ಳುತ್ತವೆ. ಚಿಕ್ಕಂದಿನಿಂದ ಮಲೇರಿಯಾ ಬಂದು ಬಂದು ತಡೆಶಕ್ತಿ ಬೆಳೆದ ಹೆಂಗಸಿನ ದೇಹಕ್ಕೂ ಮೊದಲ ಬಸುರಿನಲ್ಲಿ ಇದು ಹೊಸದು. ನೀವು ಅಂಗಿ ಅಂದರೆ ಬಣ್ಣ ಬದಲಾಯಿತು ಅನಿಸುತ್ತದೆ. ಇಲ್ಲಿ ಬೀಡುಬಿಡುವ ಜಾಗವೇ ಬೇರೆ ಆಗಿದೆ.

ನಿದ್ದೆನೊಣ: ಅಂಗಿಯೇ ಬೇಕು ಅಂದ್ರೆ ನಿದ್ರಾರೋಗ ತರುವ ಟ್ರಿಪನೊಸೋಮ ಪರಾವಲಂಬಿಗೆ ಬನ್ನಿ. ಅದು ಯಾವ ಕಣದೊಳಗೂ ಅಡಗದೆ ರಕ್ತದಲ್ಲಿ ನೇರವಾಗಿ ಈಜುತ್ತದೆ. ಮೈಮೇಲೆ ಸುಮಾರು ಒಂದು ಕೋಟಿ ವಿಎಸ್‌ಜಿ ಪ್ರೋಟೀನ್ ಅಣುಗಳ ಹೊದಿಕೆ. ಅಸಲಿ ಅಂಗಿ ಅದು.

ಹಳೇ ಡಾರ್ವಿನ್: ನನ್ನ ಕೆಲಸ ನೀವೇ ಮಾಡಿಕೊಟ್ಟಿರಿ! ಆ ನಿಮ್ಮ "ಅಸಲಿ ಅಂಗಿ" ಬಹುಪಾಲು ಬದಲಾಗುವುದೇ ಡಿಎನ್ಎ ತುಂಡನ್ನು ನಕಲು ಮಾಡಿ ಇನ್ನೊಂದು ಕಡೆ ಕೂರಿಸಿ. ಅಕ್ಷರಗಳೇ ಬದಲಾದವು. ಅಕ್ಷರ ಬದಲಿಸದೆ ಜೀನ್ ಮುಚ್ಚಿ ತೆರೆಯುವ ನಿಮ್ಮ ಎಪಿಜೆನೆಟಿಕ್ಸ್ ಎಲ್ಲಿ ಬಂತು?

ನಿದ್ದೆನೊಣ: ವಿಎಸ್‌ಜಿ ಜೀನ್ ಓದಿಸಿಕೊಳ್ಳಬಲ್ಲ ಜಾಗಗಳು ಡಿಎನ್ಎಯಲ್ಲಿ ಸುಮಾರು 15. ತೆರೆದಿರುವುದು ಒಂದೇ. ಉಳಿದವನ್ನು ಮುಚ್ಚಿಟ್ಟವರು ಯಾರು ಹಾಗಾದರೆ?

ಹಳೇ ಡಾರ್ವಿನ್: "ಯಾರು" ಅಂತ ಕೇಳುವ ಚಟದಿಂದಲೇ, ಬದುಕಿನಲ್ಲಿ ಗಳಿಸಿದ ಗುಣ ಮಕ್ಕಳಿಗೆ ದಾಟುತ್ತದೆ ಅಂದ ಲಮಾರ್ಕ್ ಇನ್ನೂ ಸತ್ತಿಲ್ಲ.

ನಿದ್ದೆನೊಣ: ಉತ್ತರ ಇಲ್ಲದಾಗ ಲಮಾರ್ಕ್‌ನ ಎಬ್ಬಿಸೋದು. ನಾಚಿಕೆ ಆಗಲ್ವಾ ನಿಮಗೆ?

ಗೊಣಗಪ್ಪ: ಮೂರು ದಿನದಿಂದ ಅಂಗಿ, ಕೊಕ್ಕೆ, ಅಂಗಿ. ದರ್ಜಿಗಳ ಸಂಘನಾ ಇದು? ಆ ಬೀಗ ಅಂದ್ರೆ ಏನು, ಅದನ್ನ ಒಬ್ಬರೂ ಹೇಳಲಿಲ್ಲ.

ಬೀಗದಕೈ: ಕೊನೆಗೂ ಒಬ್ಬರು ಕೇಳಿದರು. ಡಿಎನ್ಎ ಹಿಸ್ಟೋನ್ ಅನ್ನುವ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಎಚ್3 ಹಿಸ್ಟೋನಿನ 9ನೇ ಲೈಸೀನ್ ಮೇಲೆ ಮೀಥೈಲ್ ಅನ್ನುವ ಪುಟ್ಟ ರಾಸಾಯನಿಕ ಗುರುತು ಮೂರು ಕೂತರೆ ಎಚ್‌ಪಿ1 ಪ್ರೋಟೀನ್ ಬಂದು ಹಿಡಿದುಕೊಳ್ಳುತ್ತದೆ. ಆ ಭಾಗ ಮುದುಡಿಕೊಂಡು ಜೀನ್ ಸುಮ್ಮನಾಗುತ್ತದೆ. ರಕ್ತಕಣ ಒಡೆದು ಮರಿಗಳು ಹೊರಬಂದಾಗ ಅವುಗಳಿಗೂ ಅದೇ ಗುರುತು ಸಾಗುತ್ತದೆ. ಎಪಿ2-ಜಿ ಜೀನ್ ಮೇಲೂ ಇದೇ ಬೀಗ. ಅದು ತೆರೆದರೆ ಪರಾವಲಂಬಿ ಗಂಡು, ಹೆಣ್ಣು ರೂಪ ತಾಳುತ್ತದೆ. ಸೊಳ್ಳೆಯೊಳಗೆ ಮುಂದುವರಿಯಲು ಬೇಕಾದ್ದು ಆ ರೂಪಗಳೇ. ಅಂದರೆ ಮನುಷ್ಯನಿಂದ ಸೊಳ್ಳೆಗೆ ದಾಟುವ ಗೇಟಿನಲ್ಲೇ ಈ ಬೀಗ ಇದೆ.

ಹಳೇ ಡಾರ್ವಿನ್: "ಗುರುತು ಸಾಗುತ್ತದೆ" ಸರಿ, ಎಲ್ಲಿವರೆಗೆ? ಸೊಳ್ಳೆಯೊಳಗೆ ಹೋಗಿ ಬಂದಮೇಲೆ ವಾರ್ ಜೀನ್‌ಗಳ ಲೆಕ್ಕ ಹೊಸದಾಗಿ ಶುರು. ಎಪಿಜೆನೆಟಿಕ್ಸ್ ಭಕ್ತರ ಅವಸರ ಗೊತ್ತಿದ್ದದ್ದೇ. ಶಿಸ್ಟೊಸೋಮ ಅನ್ನುವ ಪರಾವಲಂಬಿ ಹುಳದಲ್ಲಿ ಡಿಎನ್ಎ ಮೀಥೈಲೇಶನ್ (ಡಿಎನ್ಎ ಮೇಲೇ ಮೀಥೈಲ್ ಕೂರುವುದು) ಇದೆ ಅಂತ 2011ರಲ್ಲಿ ಬಂತು. 2013ರಲ್ಲಿ ಇನ್ನೊಂದು ತಂಡ ಇಡೀ ಜೀನೋಮ್ ಜಾಲಾಡಿ ಇಲ್ಲ ಅಂದಿತು.

ಬೀಗದಕೈ: ನಾನು ಹೇಳಿದ್ದು ಹಿಸ್ಟೋನ್ ಮೇಲಿನ ಮೀಥೈಲ್. ನೀವು ಡಿಎನ್ಎ ಮೇಲಿನದಕ್ಕೆ ಹಾರಿದಿರಿ. ಹುಳವೂ ಬೇರೆ.

ಹಳೇ ಡಾರ್ವಿನ್: ಸರಿ, ಅಲ್ಪಾವಧಿಗೆ ನಿಮ್ಮ ಬೀಗ ಇರಲಿ. ಆದರೆ ಆ 60 ಜೀನ್‌ಗಳನ್ನೂ ಎಚ್‌ಪಿ1ನ್ನೂ ಕೊಟ್ಟಿದ್ದು ಮ್ಯುಟೇಶನ್ ಮತ್ತು ಆಯ್ಕೆ. ಇದಕ್ಕಿಂತ ಜಾಸ್ತಿ ನಾನು ಒಪ್ಪಲ್ಲ.

ನಿದ್ದೆನೊಣ: ಒಪ್ಪಿದರು! ಸ್ಕ್ರೀನ್‌ಶಾಟ್ ತಗೊಂಡಿದ್ದೀನಿ.

ಸ್ಲೈಡ್ ನೋಡುವವಳು: ಮೊದಲ ಪೋಸ್ಟ್‌ನಲ್ಲಿ "ಅಂಗಿ" ಇನ್ನೂ ಹಾಗೇ ಇದೆ.

ಬೀಗದಕೈ: ತಿದ್ದುತ್ತೇನೆ ಮೇಡಂ. "ಕೊಕ್ಕೆ ಇರುವ ಅಂಗಿ" ಅಂದರೆ ಆಗುತ್ತಾ?

ಸ್ಲೈಡ್ ನೋಡುವವಳು: ಅಂಗಿ ತೊಟ್ಟಿರೋದು ರಕ್ತಕಣ ಅಂತ ಎಷ್ಟು ಸಲ ಹೇಳಲಿ!